ರೈಫಲ್ ಸ್ಕೋಪಿನ ದೋಷ ಮತ್ತು ವಾರಂಟಿ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೋಪಿನಲ್ಲಿ ಏನೋ ಸರಿ ಇಲ್ಲ ಅನ್ನಿಸಿದ ದಿನವೇ ಪ್ಯಾಕ್ ಮಾಡಿ ಸರ್ವಿಸ್‌ಗೆ ಕಳಿಸುವವರಿದ್ದಾರೆ. ವಾರಗಟ್ಟಲೆ ಕಾದ ಮೇಲೆ "ದೋಷ ಸಿಗಲಿಲ್ಲ" ಅನ್ನುವ ಚೀಟಿಯ ಜೊತೆ ಅದೇ ಸ್ಕೋಪ್ ವಾಪಸ್ ಬರುತ್ತದೆ. ಇನ್ನು ಕೆಲವರು ನಿಜವಾಗಿಯೂ ಕೆಟ್ಟ ಸ್ಕೋಪನ್ನೇ ಇಟ್ಟುಕೊಂಡು, ತಪ್ಪು ತಮ್ಮ ಕೈಯದ್ದು ಅಂದುಕೊಂಡು, ವರ್ಷಗಟ್ಟಲೆ ಗುಂಡು ಖರ್ಚು ಮಾಡುತ್ತಾರೆ. ಇಬ್ಬರೂ ಮೊದಲು ಮಾಡಬೇಕಾದ್ದು ಒಂದೇ. ದೋಷ ಕಣ್ಣಿನದೋ, ಗಾಳಿಯದೋ, ಮೌಂಟಿನದೋ (ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ರಿಂಗ್ ಮತ್ತು ಬೇಸು), ಸ್ಕೋಪಿನದೋ ಅಂತ ಬೇರೆ ಮಾಡಿಕೊಳ್ಳಬೇಕು. ಇಲ್ಲಿನ ಹೆಚ್ಚಿನ ಉತ್ತರಗಳು ಅದರ ಬಗ್ಗೆಯೇ.

ಪರೀಕ್ಷೆ ಮಾಡುವಾಗ ಸ್ಕೋಪನ್ನು ರೈಫಲ್‌ನಿಂದ ಬಿಚ್ಚಿಕೊಳ್ಳುವುದೇ ಒಳ್ಳೆಯದು. ಬಿಚ್ಚಲು ಆಗದಿದ್ದರೆ ಮ್ಯಾಗಜೀನ್ ತೆಗೆಯಿರಿ, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ ಬೆರಳಲ್ಲೂ ಮುಟ್ಟಿ ನೋಡಿ, ಬೋಲ್ಟ್ ಹೊರಗೆ ತೆಗೆದಿಡಿ. ಸ್ಕೋಪಿನಲ್ಲಿ ಸೂರ್ಯನನ್ನು ನೋಡಲೇಬೇಡಿ, ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಚಿತ್ರ ಮಸುಕಾಗಿದೆ. ಸ್ಕೋಪ್ ಕೆಟ್ಟಿದೆಯಾ?

ಇರಬಹುದು, ಆದರೆ ಮೊದಲು ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸ್ ಭಾಗ, ನೋಡಿ. ಐಪೀಸಿನ ತುದಿಯಲ್ಲಿ ತಿರುಗುವ ಬಳೆ ಇರುತ್ತದೆ, ಅದೇ ಡಯಾಪ್ಟರ್. ಅದು ಇರುವುದು ನಿಮ್ಮ ಕಣ್ಣಿಗೆ ರೆಟಿಕಲ್ (ಗುರಿ ಹಿಡಿಯಲು ಸ್ಕೋಪಿನೊಳಗೆ ಕಾಣುವ ಗೆರೆಗಳು) ಚೂಪಾಗಿ ಕಾಣುವಂತೆ ಮಾಡಲು, ದೂರದ ಗುರಿಯನ್ನು ಫೋಕಸ್ ಮಾಡಲು ಅಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. ಸ್ಕೋಪನ್ನು ಬಿಳಿ ಗೋಡೆ ಅಥವಾ ಸೂರ್ಯನಿಲ್ಲದ ಕಡೆಯ ಆಕಾಶದತ್ತ ತಿರುಗಿಸಿ. ಕಣ್ಣು ಬೇರೆ ಕಡೆ ಇಟ್ಟು, ಒಮ್ಮೆ ಫಕ್ಕನೆ ಒಳಗೆ ನೋಡಿ. ಆ ಮೊದಲ ಕ್ಷಣದಲ್ಲೇ ಗೆರೆಗಳು ಕಪ್ಪಗೆ, ಚೂಪಾಗಿ ಕಾಣಬೇಕು. ಕಾಣದಿದ್ದರೆ ಸ್ವಲ್ಪ ತಿರುಗಿಸಿ, ಕಣ್ಣು ತೆಗೆದು, ಮತ್ತೆ ಫಕ್ಕನೆ ನೋಡಿ. ಎವೆಯಿಕ್ಕದೆ ನೋಡುತ್ತಾ ಕೂತರೆ ಕಣ್ಣೇ ಹೊಂದಿಕೊಂಡು ಬಿಡುತ್ತದೆ, ಆಗ ತಪ್ಪು ಜಾಗದಲ್ಲೂ ಸರಿ ಇದೆ ಅನ್ನಿಸುತ್ತದೆ. ಇದಾದ ಮೇಲೆ ಸ್ಕೋಪಿನ ಪಕ್ಕದ ಫೋಕಸ್ ಗುಬ್ಬಿಯಿಂದ (ತಿರುಗಿಸುವ ಗುಂಡಿ) ಗುರಿಯನ್ನು ಚೂಪು ಮಾಡಿ.

ಎರಡನೆಯದು ಗಾಳಿ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿ ಗಾಳಿ ಚಿತ್ರವನ್ನು ನೀರಿನಂತೆ ಅಲುಗಾಡಿಸುತ್ತದೆ, ಜೂಮ್ ಜಾಸ್ತಿ ಮಾಡಿದಷ್ಟೂ ಅದು ಜಾಸ್ತಿ ಕಾಣುತ್ತದೆ. ಗುಂಡು ಹಾರಿಸಿ ಕಾದ ಬ್ಯಾರಲ್ಲಿನಿಂದ ಏಳುವ ಬಿಸಿಯೂ ಇದನ್ನೇ ಮಾಡುತ್ತದೆ. ಹಾಗಾಗಿ ಗಾಜಿನ ಗುಣ ನೋಡಬೇಕಾದರೆ ಬೆಳಗಿನ ಜಾವ ಅಥವಾ ಮೋಡ ಕವಿದ ಹೊತ್ತಿನಲ್ಲಿ, 50 ರಿಂದ 100 ಮೀಟರ್ ದೂರದಲ್ಲಿ ನೋಡಿ. ಮಧ್ಯಾಹ್ನ 12 ಗಂಟೆಗೆ ನೋಡಿ ಯಾವ ಸ್ಕೋಪಿನ ಮೇಲೂ ತೀರ್ಪು ಕೊಡಬೇಡಿ. ಕಿಟಕಿ ಗಾಜಿನ ಮೂಲಕವೂ ಬೇಡ.

ದೋಷ ನನ್ನ ಕಣ್ಣಿನದೋ, ಸ್ಕೋಪಿನದೋ? ಹೇಗೆ ಗೊತ್ತಾಗುತ್ತದೆ?

ಇದಕ್ಕೆ ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ, ಖರ್ಚಿಲ್ಲದ್ದು. ರಾತ್ರಿ ಒಂದು ನಕ್ಷತ್ರವನ್ನೋ, ತುಂಬಾ ದೂರದ ಚಿಕ್ಕ ದೀಪವನ್ನೋ ಸ್ಕೋಪಿನ ನಡುವೆ ಇಟ್ಟು ನೋಡಿ. ಚುಕ್ಕೆ ಚುಕ್ಕೆಯಾಗಿಯೇ ಕಾಣಬೇಕು. ಅದು ಒಂದು ಕಡೆಗೆ ಎಳೆದಂತೆ, ಗೀರಿನಂತೆ ಅಥವಾ ಬಾಲ ಬಂದಂತೆ ಕಂಡರೆ ತಲೆ ಅಲ್ಲಾಡಿಸದೆ ಸ್ಕೋಪನ್ನು ಮಾತ್ರ ಅದರ ಉದ್ದದ ಅಕ್ಷದ ಮೇಲೆ ಕಾಲು ಸುತ್ತು ತಿರುಗಿಸಿ. ಗೀರು ಸ್ಕೋಪಿನ ಜೊತೆ ತಿರುಗಿದರೆ ದೋಷ ಸ್ಕೋಪಿನದು. ಗೀರು ಇದ್ದಲ್ಲೇ ಇದ್ದರೆ, ನೀವು ತಲೆ ವಾಲಿಸಿದಾಗ ಅದೂ ವಾಲಿದರೆ, ದೋಷ ಕಣ್ಣಿನದು. ಆಗ ಹೋಗಬೇಕಾದ್ದು ಕಣ್ಣಿನ ಡಾಕ್ಟರ ಹತ್ತಿರ. ಡಯಾಪ್ಟರ್ ಬಳೆ ದೂರದೃಷ್ಟಿ, ಸಮೀಪದೃಷ್ಟಿಯನ್ನು ಸರಿದೂಗಿಸುತ್ತದೆ, ಚುಕ್ಕೆಯನ್ನು ಹೀಗೆ ಗೀರಿನಂತೆ ಕಾಣಿಸುವ ಅಸ್ಟಿಗ್ಮ್ಯಾಟಿಸಂ ಅನ್ನು ಸರಿಪಡಿಸುವುದಿಲ್ಲ. ಅದಕ್ಕೆ ಕನ್ನಡಕ ಹಾಕಿಕೊಂಡೇ ನೋಡಬೇಕು.

ಇನ್ನೊಬ್ಬರಿಗೂ ಒಮ್ಮೆ ತೋರಿಸಿ. ನಿಮಗೆ ಕಂಡದ್ದನ್ನು ಮೊದಲೇ ಹೇಳಬೇಡಿ, ಸುಮ್ನೆ "ಏನು ಕಾಣುತ್ತೆ ನೋಡಿ" ಅನ್ನಿ.

ಕಪ್ಪು ವಸ್ತುಗಳ ಅಂಚಿನಲ್ಲಿ ನೇರಳೆ, ಹಸಿರು ಬಣ್ಣ ಕಾಣುತ್ತದೆ. ಇದು ವಾರಂಟಿಗೆ ಬರುತ್ತದಾ?

ಸಾಮಾನ್ಯವಾಗಿ ಇಲ್ಲ. ಗಾಜು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುತ್ತದೆ, ಎಲ್ಲವೂ ಒಂದೇ ಕಡೆ ಕೂಡುವುದಿಲ್ಲ. ಅದರಿಂದ ಬರುವ ಬಣ್ಣದ ಅಂಚು ಇದು. ಬಣ್ಣಗಳನ್ನು ಕಡಿಮೆ ಚದುರಿಸುವ ಈಡಿ ಗಾಜಿನ ಲೆನ್ಸ್ ಹಾಕಿದ ಸ್ಕೋಪುಗಳಲ್ಲಿ ಕಡಿಮೆ, ಪೂರ್ತಿ ಇಲ್ಲದ್ದು ಅಪರೂಪ. ಬಿಳಿ ಆಕಾಶದ ಮುಂದೆ ಇರುವ ಕಪ್ಪು ಕೊಂಬೆಯನ್ನು ಜಾಸ್ತಿ ಜೂಮಿನಲ್ಲಿ ನೋಡಿದರೆ ಎಂಥ ಸ್ಕೋಪಿನಲ್ಲೂ ಸ್ವಲ್ಪ ಕಾಣಬಹುದು. ಕಣ್ಣು ಐಪೀಸಿನ ನಡುವೆ ಇಲ್ಲದಿದ್ದರೂ ಜಾಸ್ತಿಯಾಗುತ್ತದೆ. ಕಣ್ಣನ್ನು ಸರಿಯಾಗಿ ನಡುವೆ ಇಟ್ಟಾಗಲೂ, ಚಿತ್ರದ ನಡುವೆಯೇ, ಒಂದೇ ಬದಿಯಲ್ಲಿ ದಪ್ಪ ಬಣ್ಣ ಕಂಡರೆ ಮಾತ್ರ ಅನುಮಾನ ಪಡಿ. ಒಳಗೆ ಲೆನ್ಸ್ ವಾಲಿ ಕೂತಿರಬಹುದು.

ನಡುವೆ ಚೂಪಾಗಿದೆ, ಅಂಚಿನಲ್ಲಿ ಮಸುಕು. ಇದು?

ಸುತ್ತಲೂ ಒಂದೇ ಸಮ ಮಸುಕಾಗಿದ್ದರೆ ಅದು ಆ ಸ್ಕೋಪಿನ ವಿನ್ಯಾಸ, ಕೊಟ್ಟ ಬೆಲೆಗೆ ಸಿಕ್ಕ ಗಾಜು. ಬಲಗಡೆ ಮಾತ್ರ ಅಥವಾ ಕೆಳಗಡೆ ಮಾತ್ರ ಮಸುಕಾಗಿದ್ದರೆ ಅದು ದೋಷ, ಕಳಿಸಿ.

ಜೂಮ್ ಜಾಸ್ತಿ ಮಾಡಿದಂತೆ ಕತ್ತಲಾಗುತ್ತದೆ.

ಅದು ಲೆಕ್ಕ. ಮುಂದಿನ ಲೆನ್ಸಿನ ಅಗಲವನ್ನು ಜೂಮಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ 10 ಪಟ್ಟು ಜೂಮ್ ಇಟ್ಟರೆ 5 ಮಿ.ಮೀ., 25 ಪಟ್ಟು ಇಟ್ಟರೆ ಬರೀ 2 ಮಿ.ಮೀ. ಮಬ್ಬು ಬೆಳಕಿನಲ್ಲಿ ನಿಮ್ಮ ಕಣ್ಣಿನ ಪಾಪೆ ಅದಕ್ಕಿಂತ ಎಷ್ಟೋ ದೊಡ್ಡದಾಗಿ ತೆರೆದಿರುತ್ತದೆ, ತುಂಬುವಷ್ಟು ಬೆಳಕು ಬರುವುದಿಲ್ಲ. ಬಿಲ್ಲೆ ಚಿಕ್ಕದಾದಷ್ಟೂ ಕಣ್ಣನ್ನು ಕರಾರುವಾಕ್ಕಾಗಿ ಇಡಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಕಪ್ಪು ನೆರಳು ನುಗ್ಗುತ್ತದೆ. ಸಂಜೆ ಹೊತ್ತು ಜೂಮ್ ಇಳಿಸಿ.

ತಲೆ ಸ್ವಲ್ಪ ಅಲ್ಲಾಡಿದರೆ ರೆಟಿಕಲ್ ಗುರಿಯ ಮೇಲೆ ಜಾರುತ್ತದೆ.

ಪ್ಯಾರಲಾಕ್ಸ್. ಗುರಿಯ ಚಿತ್ರ ಮತ್ತು ರೆಟಿಕಲ್ ಒಂದೇ ಮಟ್ಟದಲ್ಲಿ ಕೂತಿಲ್ಲ ಅಂತ ಅರ್ಥ. ಪಕ್ಕದ ಗುಬ್ಬಿ ಇದ್ದರೆ, ಜಾರುವುದು ನಿಲ್ಲುವ ತನಕ ತಿರುಗಿಸಿ. ಗುಬ್ಬಿಯ ಮೇಲೆ ಬರೆದ ದೂರವನ್ನು ನಂಬಬೇಡಿ, ಅದು ಅಂದಾಜು. 100 ಮೀಟರ್ ಗುರಿಗೆ ಗುಬ್ಬಿ 130 ತೋರಿಸಿದರೆ ಗಾಬರಿ ಬೇಡ, ಅದಕ್ಕೊಂದು ಗುರುತು ಹಾಕಿಕೊಳ್ಳಿ. ಗುಬ್ಬಿ ಇಲ್ಲದ ಸ್ಕೋಪುಗಳನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ ಕಟ್ಟಿರುತ್ತಾರೆ. ದೊಡ್ಡ ರೈಫಲ್ಲಿನದ್ದು ಹೆಚ್ಚಾಗಿ 100 ಗಜ, ಸಣ್ಣ ಗುಂಡಿನ ರಿಮ್‌ಫೈರ್ ರೈಫಲ್ಲಿನದ್ದು 50 ಗಜದ ಆಸುಪಾಸು. ಅದಕ್ಕಿಂತ ಹತ್ತಿರದಲ್ಲೋ ದೂರದಲ್ಲೋ ಸ್ವಲ್ಪ ಜಾರುವುದು ಸಹಜ.

ವಾರಂಟಿಗೆ ಕಳಿಸಬೇಕಾದ ಸಂದರ್ಭ ಎರಡು. ಗುಬ್ಬಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದರೂ ಜಾರುವುದು ನಿಲ್ಲದಿದ್ದರೆ. ಅಥವಾ ಡಯಾಪ್ಟರ್ ಸರಿಯಾಗಿ ಕೂರಿಸಿದ ಮೇಲೂ, ಚಿತ್ರ ಚೂಪಾಗುವ ಜಾಗ ಒಂದು, ಜಾರುವುದು ನಿಲ್ಲುವ ಜಾಗ ಇನ್ನೊಂದು, ಎರಡಕ್ಕೂ ಬಹಳ ಅಂತರ ಇದ್ದರೆ. ಕಳಿಸುವ ಮೊದಲು ರಿಂಗ್ ಸಡಿಲಿಸಿ ಒಮ್ಮೆ ನೋಡಿ. ರಿಂಗನ್ನು ಅತಿಯಾಗಿ ಬಿಗಿದರೆ ಕೊಳವೆ ಅಮುಕಿ ಒಳಗಿನ ಭಾಗಗಳು ಸಿಕ್ಕಿಕೊಳ್ಳುತ್ತವೆ.

ಒಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಹೊಸ ಸ್ಕೋಪ್!

ಹೊಸ ವಸ್ತುವಿನಲ್ಲಿ ಇಂಥದ್ದು ಕಂಡರೆ ಮನಸ್ಸಿಗೆ ಕಿರಿಕಿರಿ ಆಗುವುದು ನಿಜ. ಚುಕ್ಕೆ ಎಲ್ಲಿದೆ ಅಂತ ಪತ್ತೆ ಮಾಡಿ. ಮುಂದಿನ ಲೆನ್ಸಿನ ಮೇಲಿನ ಧೂಳು ನಿಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಅಲ್ಲಿ ಸಣ್ಣ ಗೀರು ಇದ್ದರೂ ಚಿತ್ರದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಚೂಪಾಗಿ ಕಾಣುವ ಚುಕ್ಕೆ ರೆಟಿಕಲ್ ಇರುವ ಗಾಜಿನ ಮೇಲೋ ಅದರ ಪಕ್ಕದಲ್ಲೋ ಇರುತ್ತದೆ. ಐಪೀಸನ್ನು ಮೊದಲು ಒರೆಸಿ. ಆಮೇಲೂ ಚುಕ್ಕೆ ಇದ್ದರೆ, ಡಯಾಪ್ಟರ್ ತಿರುಗಿಸಿದಾಗ ರೆಟಿಕಲ್ ಜೊತೆಗೇ ಚೂಪಾಗುತ್ತದೆಯೇ ನೋಡಿ. ಜೊತೆಗೇ ಚೂಪಾದರೆ ಅದು ಒಳಗಿದೆ.

ಅಂಚಿನಲ್ಲಿ, ಬಿಳಿ ಗೋಡೆ ನೋಡಿದಾಗ ಮಾತ್ರ ಕಾಣುವ ಒಂದು ಧೂಳಿನ ಕಣವನ್ನು ಎಷ್ಟೋ ತಯಾರಕರು ಮಿತಿಯೊಳಗಿನದ್ದು ಅನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಂಥದ್ದನ್ನು ಬಿಟ್ಟುಬಿಡುವುದೇ ಮೇಲು, ಬಿಚ್ಚಿ ಮುಚ್ಚುವಾಗ ಇನ್ನೊಂದು ಕಣ ಸೇರಬಹುದು. ಗುರಿ ಇಡುವ ಜಾಗದಲ್ಲೇ ಕೂತಿದ್ದರೆ, ದಿನದಿಂದ ದಿನಕ್ಕೆ ಜಾಗ ಬದಲಿಸುತ್ತಿದ್ದರೆ ಅಥವಾ ಚುಕ್ಕೆಗಳ ಸಂಖ್ಯೆ ಜಾಸ್ತಿಯಾಗುತ್ತಿದ್ದರೆ ಬಿಡಬೇಡಿ. ಓಡಾಡುವ ಚುಕ್ಕೆ ಅಂದರೆ ಒಳಗೆ ಏನೋ ಉದುರುತ್ತಿದೆ ಅಂತ.

ಕೊಂಡು ಇನ್ನೂ ಕೆಲವೇ ದಿನ ಆಗಿದ್ದರೆ ವಾರಂಟಿಗಿಂತ ಮೊದಲು ಅಂಗಡಿಯವರನ್ನೇ ಕೇಳಿ. ಬದಲಿ ಕೊಡುವ ಗಡುವಿನೊಳಗೆ ಇದ್ದರೆ ಅದೇ ಬೇಗ. ಆದರೆ ರಿಂಗಿನ ಗುರುತು ಬಿದ್ದ ಸ್ಕೋಪನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ. ಅದಕ್ಕೇ ಹೊಸ ಸ್ಕೋಪನ್ನು ರೈಫಲ್ ಮೇಲೆ ಕೂರಿಸುವ ಮೊದಲೇ ಅರ್ಧ ಗಂಟೆ ಕೂತು ಪೂರ್ತಿ ಪರೀಕ್ಷೆ ಮಾಡಿ.

ಒಳಗೆ ಮಂಜು ಕಟ್ಟುತ್ತದೆ.

ಹೊರಗಿನ ಗಾಜನ್ನು ಒರೆಸಿ. ಹೋದರೆ ಅದು ಹೊರಗಿನ ತೇವ, ತಣ್ಣನೆ ಸ್ಕೋಪನ್ನು ಬೆಚ್ಚಗಿನ ಕೋಣೆಗೆ ತಂದಾಗ ಯಾವುದಕ್ಕೂ ಆಗುತ್ತದೆ. ಒರೆಸಿದರೂ ಹೋಗದಿದ್ದರೆ ಚರ್ಚೆಯೇ ಬೇಡ. ಸ್ಕೋಪಿನ ಒಳಗೆ ತೇವವಿಲ್ಲದ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ರಬ್ಬರ್ ಬಳೆಗಳಿಂದ ಮುಚ್ಚಿರುತ್ತಾರೆ. ಮಂಜು ಕಂಡಿತು ಅಂದರೆ ಆ ಮುಚ್ಚಿಗೆ ಬಿಟ್ಟಿದೆ, ಹೊರಗಿನ ಗಾಳಿ ಒಳಗೆ ಹೋಗಿದೆ. ಬಿಸಿಲಿಗಿಟ್ಟರೆ ಮಂಜು ಮಾಯವಾಗುತ್ತದೆ, ದೋಷ ಮಾಯವಾಗುವುದಿಲ್ಲ. ಮಂಜು ಕಂಡ ಕೂಡಲೇ ಫೋಟೋ ತೆಗೆದಿಡಿ, ಸರ್ವಿಸ್ ಸೆಂಟರ್ ತಲುಪುವ ಹೊತ್ತಿಗೆ ಅದು ಇಲ್ಲದಿರಬಹುದು. ಇದನ್ನು ಮುಂದೂಡಬೇಡಿ. ತೇವ ಉಳಿದರೆ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ, ಜೇಡರ ಬಲೆಯಂತೆ ಎಳೆ ಎಳೆಯಾಗಿ ಹರಡುತ್ತದೆ, ಲೇಪನವನ್ನೇ ತಿಂದುಬಿಡುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ.

ಲೆನ್ಸ್ ಒರೆಸುವಾಗ ಗೀರು ಬಿತ್ತು. ವಾರಂಟಿ ಇದೆಯಾ?

ಹೆಚ್ಚಿನ ಕಡೆ ಇದನ್ನು ಬಳಕೆಯಲ್ಲಿ ಆದ ಹಾನಿ ಅನ್ನುತ್ತಾರೆ. ಲೇಪನವಿಲ್ಲದ ಗಾಜಿನ ಒಂದೊಂದು ಮುಖವೂ ಸುಮಾರು 4% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಸ್ಕೋಪಿನೊಳಗೆ ಅಂಥ ಮುಖಗಳು ಎಷ್ಟೋ ಇರುತ್ತವೆ. ಅದನ್ನು ತಡೆಯುವುದೇ ಆ ತೆಳು ಲೇಪನ, ಅದನ್ನು ಕಾಪಾಡಿಕೊಳ್ಳಿ. ಮೊದಲು ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಧೂಳು ಹಾರಿಸಿ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಲೆನ್ಸ್ ಬಟ್ಟೆ. ಅಂಗಿಯ ತುದಿ ಬೇಡವೇ ಬೇಡ.

ರೆಟಿಕಲ್ ವಾಲಿದಂತಿದೆ. ಕ್ಲಿಕ್ಕುಗಳೂ ಸರಿ ಇಲ್ಲ ಅನ್ನಿಸುತ್ತದೆ. ಗುಂಡು ಹಾರಿಸದೆ ಪರೀಕ್ಷೆ ಮಾಡಬಹುದಾ?

ಮಾಡಬಹುದು, ಹಾಗೇ ಮಾಡಬೇಕು. ಗುಂಡು ಹಾರಿಸಿದರೆ ನಿಮ್ಮ ಕೈ, ಮದ್ದು, ಬ್ಯಾರಲ್ ಎಲ್ಲವೂ ಸೇರಿಕೊಳ್ಳುತ್ತವೆ.

ಸ್ಕೋಪನ್ನು ಅಲ್ಲಾಡದಂತೆ ಬಿಗಿಯಾಗಿ ಹಿಡಿಸಿ. ನಿಖರವಾಗಿ 100 ಮೀಟರ್ ದೂರದಲ್ಲಿ ಒಂದು ಹಲಗೆ ನಿಲ್ಲಿಸಿ. ದೂರವನ್ನು ಟೇಪಿನಿಂದ ಅಳೆಯಿರಿ, ಯಾಕೆಂದರೆ 1 ಮೀಟರ್ ತಪ್ಪಿದರೂ ಫಲಿತಾಂಶ 1% ತಪ್ಪುತ್ತದೆ. ಹಲಗೆಯ ಮೇಲೆ ದಾರಕ್ಕೆ ಭಾರ ಕಟ್ಟಿ ಇಳಿಬಿಡಿ, ಆ ನೇರಕ್ಕೆ ಗೆರೆ ಎಳೆಯಿರಿ, 10 ಸೆಂ.ಮೀ.ಗೊಂದು ಗುರುತು ಹಾಕಿ. ಮಿಲ್, ಎಂಒಎ ಎರಡೂ ಕೋನದ ಅಳತೆಗಳು. 100 ಮೀಟರಿನಲ್ಲಿ 1 ಮಿಲ್ ಅಂದರೆ ಸರಿಯಾಗಿ 10 ಸೆಂ.ಮೀ., 10 ಮಿಲ್ ಅಂದರೆ 1 ಮೀಟರ್. ನಿಮ್ಮದು ಎಂಒಎ ಸ್ಕೋಪಾದರೆ 100 ಗಜದಲ್ಲಿ 1 ಎಂಒಎ 1.047 ಇಂಚು, ಹಾಗಾಗಿ 30 ಎಂಒಎಗೆ ಸುಮಾರು 31.4 ಇಂಚು. 30 ಇಂಚು ಅಂತ ಲೆಕ್ಕ ಹಿಡಿದು ಒಳ್ಳೆಯ ಸ್ಕೋಪನ್ನೇ ದೂರುವವರಿದ್ದಾರೆ, ಜಾಗ್ರತೆ.

ಈಗ ರೆಟಿಕಲ್ಲಿನ ನಿಂತ ಗೆರೆಯನ್ನು ಹಲಗೆಯ ಗೆರೆಗೆ ಕೂಡಿಸಿ, ನಡುವಿನ ಬಿಂದುವನ್ನು ಒಂದು ಗುರುತಿನ ಮೇಲಿಡಿ, ಟರೆಟ್ಟನ್ನು (ಗುರಿಬಿಂದುವನ್ನು ಕ್ಲಿಕ್ ಕ್ಲಿಕ್ಕಾಗಿ ಸರಿಸುವ ಗುಬ್ಬಿ) 10 ಮಿಲ್ ತಿರುಗಿಸಿ. ಬಿಂದು ಗೆರೆಯ ಮೇಲೆಯೇ ಸಾಗಿ 1 ಮೀಟರ್ ಗುರುತಿಗೆ ನಿಲ್ಲಬೇಕು. ವಾಪಸ್ ತಿರುಗಿಸಿದಾಗ ಹೊರಟ ಜಾಗಕ್ಕೇ ಬರಬೇಕು. ಐದಾರು ಸಲ ಮಾಡಿ. ಬಿಂದು ಪಕ್ಕಕ್ಕೆ ಸರಿದರೆ ರೆಟಿಕಲ್ಲೂ ಟರೆಟ್ಟೂ ಒಂದಕ್ಕೊಂದು ವಾಲಿವೆ. 1 ಡಿಗ್ರಿ ವಾಲಿದ್ದರೆ 1 ಮೀಟರಿಗೆ ಸುಮಾರು 1.7 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. 1 ಮೀಟರ್ ಬದಲು 98 ಸೆಂ.ಮೀ.ಗೆ ನಿಂತರೆ 2% ಕಮ್ಮಿ. 100 ಮೀಟರಿನಲ್ಲಿ ಇದು ಸಣ್ಣದು, ಆದರೆ 1000 ಮೀಟರ್ ಗುರಿಗೆ 10 ಮಿಲ್ ಏರಿಸಿದಾಗ ಇದೇ 20 ಸೆಂ.ಮೀ. ಆಗುತ್ತದೆ. ಅಂಕಿ ಬರೆದಿಟ್ಟುಕೊಳ್ಳಿ, ದೂರು ಬರೆಯುವಾಗ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ಹಾಗೇ ಜೂಮನ್ನು ಕಡಿಮೆಯಿಂದ ಜಾಸ್ತಿಗೆ ತಿರುಗಿಸಿ ಬಿಂದು ಜಾರುತ್ತದಾ ನೋಡಿ. ರೆಟಿಕಲ್ ಹಿಂದಿನ ಮಟ್ಟದಲ್ಲಿರುವ, ಅಂದರೆ ಜೂಮ್ ಮಾಡಿದರೂ ಗೆರೆಯ ಗಾತ್ರ ಬದಲಾಗದ ಸ್ಕೋಪುಗಳಲ್ಲಿ ತುಸು ಜಾರಬಹುದು. ಕಣ್ಣಿಗೆ ಹೊಡೆಯುವಷ್ಟು ಜಾರಿದರೆ ದೂರು ಕೊಡಿ.

ಝೀರೋ ನಿಲ್ಲುತ್ತಿಲ್ಲ. ಸ್ಕೋಪ್ ಕಳಿಸಲಾ?

ತಡೆಯಿರಿ. ಝೀರೋ ಅಂದರೆ ಗುರಿ ಇಟ್ಟ ಜಾಗಕ್ಕೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸಿಟ್ಟದ್ದು. ಅದು ಅಲೆದಾಡಿದರೆ ಮೊದಲು ಮೌಂಟು. ರಿಂಗಿನ ಸ್ಕ್ರೂ, ಬೇಸಿನ ಸ್ಕ್ರೂ, ಸ್ಟಾಕಿನ ಸ್ಕ್ರೂ ಎಲ್ಲವನ್ನೂ ಟಾರ್ಕ್ ರೆಂಚ್‌ನಿಂದ ನೋಡಿ. ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ 15 ರಿಂದ 18 ಇಂಚ್-ಪೌಂಡ್, ಅಂದರೆ ಸುಮಾರು 2 ನ್ಯೂಟನ್-ಮೀಟರ್, ಸಾಮಾನ್ಯವಾಗಿ ಹೇಳುವ ಅಂಕಿ. ನಿಮ್ಮ ಸ್ಕೋಪಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಕೊಳವೆಯ ಮೇಲೆ ಪೆನ್ಸಿಲಿನಿಂದ ರಿಂಗಿನ ಪಕ್ಕ ಒಂದು ಗೆರೆ ಎಳೆದು 20 ಗುಂಡು ಹಾರಿಸಿ. ಗೆರೆ ದೂರ ಸರಿದರೆ ಸ್ಕೋಪ್ ರಿಂಗಿನೊಳಗೆ ಜಾರುತ್ತಿದೆ, ಅಷ್ಟೇ. ಆಮೇಲೆ, ಝೀರೋ ನಿಲ್ಲುತ್ತದೆ ಅಂತ ಖಚಿತವಾಗಿ ಗೊತ್ತಿರುವ ಇನ್ನೊಂದು ಸ್ಕೋಪನ್ನು ಅದೇ ರೈಫಲ್ಲಿಗೆ ಹಾಕಿ ನೋಡಿ. ಅದೂ ಅಲೆದಾಡಿದರೆ ತಪ್ಪು ಸ್ಕೋಪಿನದಲ್ಲ.

ಸ್ಪ್ರಿಂಗ್ ಏರ್ ರೈಫಲ್ಲಿಗೆ ಹಾಕಿದ್ದೆ, ಕೆಟ್ಟುಹೋಯಿತು.

ಸ್ಪ್ರಿಂಗ್ ಏರ್ ರೈಫಲ್ ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ ಒದೆಯುತ್ತದೆ. ಬೆಂಕಿ ಮದ್ದಿನ ರೈಫಲ್ಲಿಗೆ ಅಂತ ಮಾಡಿದ ಎಷ್ಟೋ ಸ್ಕೋಪುಗಳು ಆ ಮುಂದಿನ ಒದೆತವನ್ನು ತಾಳುವುದಿಲ್ಲ. ಏರ್‌ಗನ್ನಿಗೂ ಆಗುತ್ತದೆ ಅಂತ ಬರೆದಿದೆಯಾ, ವಾರಂಟಿ ಕಾಗದ ಓದಿ ನೋಡಿ.

ನಾನೇ ಬಿಚ್ಚಿ ಸರಿ ಮಾಡಲಾ?

ಬೇಡ. ಒಳಗಿನ ಅನಿಲ ಹೋಗುತ್ತದೆ, ಲೆನ್ಸುಗಳ ಸಾಲು ತಪ್ಪುತ್ತದೆ, ವಾರಂಟಿಯೂ ಹೋಗುತ್ತದೆ. ರೆಟಿಕಲ್ ದೀಪ ಹತ್ತದಿದ್ದರೆ ಬ್ಯಾಟರಿ ಬದಲಿಸಿ, ಮುಚ್ಚಳದ ಒಳಗಿನ ತುಕ್ಕು ಒರೆಸಿ. ಅಷ್ಟಕ್ಕೆ ನಿಲ್ಲಿಸಿ.

"ಲೈಫ್‌ಟೈಮ್ ವಾರಂಟಿ" ಅಂದರೆ ಯಾರ ಲೈಫು? ಸೆಕೆಂಡ್ ಹ್ಯಾಂಡ್ ಕೊಂಡರೆ?

ಒಬ್ಬೊಬ್ಬರದ್ದು ಒಂದೊಂದು ಅರ್ಥ, ಅದಕ್ಕೇ ಕಾಗದ ಓದಬೇಕು. ಕೆಲವರು ಮೊದಲ ಮಾಲೀಕರಿಗೆ ಮಾತ್ರ ಕೊಡುತ್ತಾರೆ, ಕೆಲವರು ಇಷ್ಟು ವರ್ಷ ಅಂತ ಬರೆಯುತ್ತಾರೆ. ವೋರ್ಟೆಕ್ಸ್‌ನ ವಿಐಪಿ ವಾರಂಟಿಗೆ ಬಿಲ್ ಬೇಡ, ಮಾಲೀಕರು ಬದಲಾದರೂ ನಡೆಯುತ್ತದೆ. ಆದರೆ ಕಳೆದುಹೋದರೆ, ಕಳುವಾದರೆ, ಬೇಕಂತಲೇ ಹಾಳು ಮಾಡಿದರೆ, ಅಥವಾ ಕೆಲಸಕ್ಕೆ ಅಡ್ಡಿಯಾಗದ ಬರೀ ಮೇಲಿನ ಗೀರಿಗೆ ಅನ್ವಯಿಸುವುದಿಲ್ಲ. ಲ್ಯೂಪೋಲ್ಡ್ ಕೂಡ ತನ್ನ ಸ್ಕೋಪುಗಳ ಗಾಜು ಮತ್ತು ಯಂತ್ರಭಾಗಕ್ಕೆ ಮೊದಲ ಮಾಲೀಕರೇ ಆಗಿರಬೇಕು ಅನ್ನುವುದಿಲ್ಲ. ದೀಪ, ಬ್ಯಾಟರಿ ಕಡೆಯ ವಿದ್ಯುತ್ ಭಾಗಗಳಿಗೆ ಬಹಳ ಕಂಪನಿಗಳಲ್ಲಿ ಬೇರೆ, ಕಡಿಮೆ ಅವಧಿ ಇರುತ್ತದೆ.

ಅಧಿಕೃತವಲ್ಲದ ದಾರಿಯಲ್ಲಿ ಬಂದ ಸ್ಕೋಪು ಅಗ್ಗ, ಆದರೆ ಎಷ್ಟೋ ತಯಾರಕರು ಅದಕ್ಕೆ ವಾರಂಟಿ ಕೊಡುವುದಿಲ್ಲ. ಸೀರಿಯಲ್ ನಂಬರ್ ಅಳಿಸಿದ ಸ್ಕೋಪನ್ನು ಮುಟ್ಟಲೇಬೇಡಿ. ಕದ್ದದ್ದೂ ಇರಬಹುದು, ನಕಲಿಯೂ ಇರಬಹುದು.

ದೂರು ಹೇಗೆ ಬರೆಯಬೇಕು?

ಇಡೀ ಕೆಲಸದಲ್ಲಿ ಇದೇ ಮುಖ್ಯ ಅಂತ ನಾನು ನಂಬಿದ್ದೇನೆ. ನನ್ನ ಒಂದು ಸ್ಕೋಪಿನಲ್ಲಿ ಚಿತ್ರದ ಬಲಭಾಗ ಎಳೆದಂತೆ ಕಾಣುತ್ತಿತ್ತು. ಮೊದಲ ಸಲ "ಚಿತ್ರ ಚೆನ್ನಾಗಿಲ್ಲ, ದಯವಿಟ್ಟು ನೋಡಿ" ಅಂತ ಬರೆದು ಕಳಿಸಿದೆ. ಮಿತಿಯೊಳಗಿದೆ ಅಂತ ವಾಪಸ್ ಬಂತು. ತುಂಬಾ ಬೇಜಾರಾಯಿತು. ಆಮೇಲೆ ತಿರುಗಿಸಿ ನೋಡುವ ಪರೀಕ್ಷೆ ಮಾಡಿ, ಎರಡನೇ ಸಲ ಬರೆದದ್ದು ಹೀಗೆ:

"ಜೂಮ್ 18ರ ಮೇಲೆ, 100 ಮೀಟರಿನಲ್ಲಿ, ಮೋಡದ ಬೆಳಕಿನಲ್ಲಿ, ಗಡಿಯಾರದ 2 ರಿಂದ 4 ಗಂಟೆಯ ದಿಕ್ಕಿನ ಭಾಗ ಮಸುಕು. ಸ್ಕೋಪನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿದರೆ ಮಸುಕು 5 ರಿಂದ 7 ಗಂಟೆಯ ದಿಕ್ಕಿಗೆ ಬರುತ್ತದೆ. ಜೂಮ್ 8ರಲ್ಲಿ ಕಾಣುವುದಿಲ್ಲ. ಮೂವರು ನೋಡಿದ್ದೇವೆ. ಫೋಟೋ ಜೊತೆಗಿದೆ."

ಈ ಸಲ ರಿಪೇರಿ ಮಾಡುವವರೇ ಫೋನ್ ಮಾಡಿದರು. ಒಳಗೊಂದು ಲೆನ್ಸ್ ವಾಲಿ ಕೂತಿತ್ತಂತೆ. ಸ್ಕೋಪ್ ಅದೇ, ದೋಷ ಅದೇ, ಬದಲಾದದ್ದು ಆ ನಾಲ್ಕು ಸಾಲು. ಮೇಜಿನ ಆ ಕಡೆ ಕೂತವರಿಗೆ ನಿಮ್ಮ ಕಣ್ಣು ಇಲ್ಲ, ಅಲ್ವಾ? ಯಾವ ಜೂಮು, ಯಾವ ದೂರ, ಯಾವ ಬೆಳಕು, ಯಾವ ದಿಕ್ಕು ಅಂತ ಹೇಳಿದರೆ ಅವರು ನೇರ ಅಲ್ಲಿಗೇ ಹೋಗುತ್ತಾರೆ. ಸಿಟ್ಟು ಬರೆಯಬೇಡಿ, ಅಳತೆ ಬರೆಯಿರಿ.

ಫೋನಿನಲ್ಲಿ ಫೋಟೋ ಹೇಗೆ?

ಸ್ಕೋಪನ್ನೂ ಫೋನನ್ನೂ ಅಲ್ಲಾಡದಂತೆ ನಿಲ್ಲಿಸಿ. ಫೋನಿನ ಲೆನ್ಸು ನಿಮ್ಮ ಕಣ್ಣು ಇರುವ ಜಾಗದಲ್ಲಿ, ಐಪೀಸಿನಿಂದ ಸುಮಾರು 9 ಸೆಂ.ಮೀ. ಹಿಂದೆ ಇರಲಿ. ಫೋಕಸ್ ಲಾಕ್ ಮಾಡಿ. ಫೋನಿನ ಲೆನ್ಸೂ ಬಣ್ಣದ ಅಂಚು ತೋರಿಸುತ್ತದೆ, ಹಾಗಾಗಿ ಬಣ್ಣದ ದೂರಿಗೆ ಫೋಟೋ ದುರ್ಬಲ ಸಾಕ್ಷಿ. ಚುಕ್ಕೆ, ಮಂಜು, ವಾಲಿದ ರೆಟಿಕಲ್‌ಗೆ ಚೆನ್ನಾಗಿ ಆಗುತ್ತದೆ.

ಕಳಿಸುವಾಗ ಏನು ನೆನಪಿಡಬೇಕು?

ಮೊದಲು ಕಂಪನಿಗೆ ಬರೆದು ರಿಟರ್ನ್ ನಂಬರ್ ಪಡೆಯಿರಿ. ಹೇಳದೆ ಕೇಳದೆ ಕಳಿಸಿದ ಪೆಟ್ಟಿಗೆ ಮೂಲೆಯಲ್ಲಿ ಕೂರುತ್ತದೆ. ರಿಂಗ್, ಮೌಂಟ್, ಮುಚ್ಚಳ, ಬ್ಯಾಟರಿ ಎಲ್ಲ ತೆಗೆದಿಟ್ಟುಕೊಳ್ಳಿ. ಸೀರಿಯಲ್ ನಂಬರಿನ ಮತ್ತು ಎಲ್ಲ ಬದಿಯ ಫೋಟೋ ತೆಗೆಯಿರಿ. ಪೆಟ್ಟಿಗೆಯೊಳಗೆ ಸ್ಕೋಪ್ ಅಲ್ಲಾಡಬಾರದು, ಸುತ್ತಲೂ ನಾಲ್ಕು ಬೆರಳಿನಷ್ಟು ಮೆತ್ತೆ ಇರಲಿ. ದೂರಿನ ಒಂದು ಪ್ರತಿ ಒಳಗೂ ಇಡಿ. ವಿಮೆ ಮಾಡಿಸಿ.

ಬೇರೆ ದೇಶಕ್ಕೆ ಕಳಿಸಬೇಕಾದರೆ ಅವಸರ ಬೇಡ. ಅಮೆರಿಕದಲ್ಲಿ ರೈಫಲ್ ಸ್ಕೋಪು ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ, ರಿಪೇರಿಯಾಗಿ ವಾಪಸ್ ಬರುವಾಗಲೂ ಕಾಗದಪತ್ರ ಬೇಕಾಗಬಹುದು. ನಿಮ್ಮ ದೇಶದಲ್ಲೇ ಇರುವ ಅಧಿಕೃತ ವಿತರಕರ ಮೂಲಕ ಹೋದರೆ ತಲೆನೋವು ಕಡಿಮೆ.

ರಿಪೇರಿ ಬದಲು ಬೇರೆ ಸ್ಕೋಪ್ ಕೊಡುತ್ತೇವೆ ಅನ್ನುತ್ತಿದ್ದಾರೆ.

ಹಳೆಯ ಮಾದರಿ ನಿಂತುಹೋಗಿದ್ದರೆ ಹೀಗಾಗುತ್ತದೆ. ಒಪ್ಪುವ ಮೊದಲು ಮೂರು ವಿಷಯ ಕೇಳಿ: ರೆಟಿಕಲ್ ಯಾವುದು, ಕ್ಲಿಕ್ ಮಿಲ್‌ನದೋ ಎಂಒಎದೋ, ಕೊಳವೆ 1 ಇಂಚೋ 30 ಮಿ.ಮೀ.ಯೋ 34 ಮಿ.ಮೀ.ಯೋ. ಕೊಳವೆ ಬದಲಾದರೆ ರಿಂಗೂ ಬದಲಾಗಬೇಕು.

ವಾಪಸ್ ಬಂದ ಮೇಲೆ?

ರೈಫಲ್ಲಿಗೆ ಹಾಕುವ ಮೊದಲು, ಬಂದ ವಾರದಲ್ಲೇ, ಕಳಿಸುವಾಗ ಮಾಡಿದ ಅದೇ ಪರೀಕ್ಷೆಯನ್ನು ಅದೇ ದೂರ, ಅದೇ ಜೂಮಿನಲ್ಲಿ ಮತ್ತೆ ಮಾಡಿ. ಒಂದು ಕಡೆ ಸರಿ ಮಾಡುವಾಗ ಇನ್ನೊಂದು ಕಡೆ ಚುಕ್ಕೆ ಸೇರಿದೆಯಾ ನೋಡಿ, ಟರೆಟ್ಟನ್ನು ಎರಡೂ ತುದಿಗೆ ತಿರುಗಿಸಿ. ಏನು ಬದಲಿಸಿದರು ಅಂತ ಕಾಗದದಲ್ಲಿ ಬರೆದಿಲ್ಲದಿದ್ದರೆ ಕೇಳಿ ತಿಳಿದುಕೊಂಡು, ಸೀರಿಯಲ್ ನಂಬರಿನ ಜೊತೆ ಬರೆದಿಡಿ. ಹಳೆಯ ಝೀರೋ ಈಗ ಲೆಕ್ಕಕ್ಕಿಲ್ಲ. 25 ಮೀಟರಿನಿಂದ ಶುರು ಮಾಡಿ ಹೊಸದಾಗಿ ಝೀರೋ ಮಾಡಿಕೊಳ್ಳಿ.